ಹಾಲೋಬಾಡಿ ಗಿಟಾರಿಗೆ ವೈಬ್ರಾಟೊ ಕೂರಿಸುವುದು: ಅಳತೆಯಿಂದ ಶ್ರುತಿಯವರೆಗೆ

ಹಾಲೋಬಾಡಿ ಗಿಟಾರ್ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ‘ಇದಕ್ಕೆ ಬಿಗ್ಸ್‌ಬಿ ಹಾಕಬಹುದಾ? ಗಿಟಾರ್ ಮೇಲೆ ತೂತು ಕೊರೀಬೇಕಾ? ಹಾಕಿದ ಮೇಲೆ ಶ್ರುತಿ ನಿಲ್ಲುತ್ತಾ?’

ಬಿಗ್ಸ್‌ಬಿ ಅಂದರೆ ಒಂದು ಹೆಸರಾಂತ ವೈಬ್ರಾಟೊ, ಅಂದರೆ ಕೈ ಒತ್ತಿ ತಂತಿಗಳ ಸ್ವರವನ್ನು ತೂಗಾಡಿಸುವ ಸಾಧನ. ಅದನ್ನು ಹಾಕಬಹುದು. ಮೇಲ್ಹಲಗೆಗೆ ತೂತು ಬೇಕಿಲ್ಲ, ಕೊರೆಯಲೂಬಾರದು. ಶ್ರುತಿ ನಿಲ್ಲುತ್ತದೆ, ಆದರೆ ಅದು ವೈಬ್ರಾಟೊಗಿಂತ ಜಾಸ್ತಿ ನಿಮ್ಮ ನಟ್ ಮತ್ತು ಬ್ರಿಡ್ಜ್ ಹೇಗಿವೆ ಅನ್ನುವುದರ ಮೇಲೆ ನಿಂತಿದೆ. ಡ್ರಿಲ್ ಹಿಡಿಯುವ ಕೆಲಸ ಇದರಲ್ಲಿ ತೀರಾ ಸಣ್ಣದು. ಅದಕ್ಕೂ ಮುಂಚಿನ ಅಳತೆ ಮತ್ತು ಆಮೇಲಿನ ಹೊಂದಾಣಿಕೆ, ಇವೆರಡರಲ್ಲೇ ಎಲ್ಲರೂ ಎಡವುವುದು. ಹಾಗಾಗಿ ಈ ಬರಹದಲ್ಲೂ ಅವಕ್ಕೇ ಹೆಚ್ಚು ಜಾಗ.

ಮೊದಲು ಕೆಲವು ಹೆಸರುಗಳು

ಆರ್ಚ್‌ಟಾಪ್ ಅಂದರೆ ಮೇಲ್ಹಲಗೆ ಉಬ್ಬಿಕೊಂಡಿರುವ ಗಿಟಾರ್. ಒಳಗೆ ಪೂರ್ತಿ ಟೊಳ್ಳಾಗಿದ್ದರೆ ಹಾಲೋಬಾಡಿ. ಮಧ್ಯದಲ್ಲಿ ಉದ್ದಕ್ಕೂ ಮರದ ದಿಮ್ಮಿ ಇದ್ದರೆ ಸೆಮಿ ಹಾಲೋ. 1958ರಲ್ಲಿ ಬಂದ ಗಿಬ್ಸನ್ ಇಎಸ್-335 ಈ ಜಾತಿಯದು. ಟೇಲ್‌ಪೀಸ್ ಅಂದರೆ ತಂತಿಗಳ ಕೆಳತುದಿಯನ್ನು ಹಿಡಿದಿಡುವ ಭಾಗ. ಹಾಲೋಬಾಡಿಗಳಲ್ಲಿ ಸಾಮಾನ್ಯವಾಗಿ ಟ್ರಪೀಜ್ ಎಂಬ ಲೋಹದ ಚೌಕಟ್ಟು ಈ ಕೆಲಸ ಮಾಡುತ್ತದೆ. ಅದನ್ನು ಗಿಟಾರಿನ ಬುಡಕ್ಕೆ, ಅಂದರೆ ಬೆಲ್ಟಿನ ಗುಂಡಿ ಇರುವ ಕಡೆಗೆ ಸ್ಕ್ರೂ ಮಾಡಿರುತ್ತಾರೆ. ಆ ಜಾಗದಲ್ಲಿ ಒಳಗಡೆ ಒಂದು ಗಟ್ಟಿ ಮರದ ತುಂಡು ಇರುತ್ತದೆ. ಅದೇ ಟೇಲ್ ಬ್ಲಾಕ್. ನಮ್ಮ ಕೆಲಸವೆಲ್ಲ ಈ ತುಂಡಿನ ಮೇಲೆ.

ನಟ್ ಅಂದರೆ ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಗೀರುಗಳಲ್ಲಿ ಕೂರುವ ಪಟ್ಟಿ. ಫ್ರೆಟ್ ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ. ಬ್ರಿಡ್ಜ್ ಅಂದರೆ ಮೇಲ್ಹಲಗೆಯ ಮೇಲೆ ನಿಂತು ತಂತಿಗಳನ್ನು ಎತ್ತಿಹಿಡಿಯುವ ಭಾಗ. ಅದರ ಮೇಲೆ ತಂತಿ ತಾಗುವ ತುಣುಕಿಗೆ ಸ್ಯಾಡಲ್ ಅನ್ನುತ್ತಾರೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ ಪಿಕಪ್.

ವೈಬ್ರಾಟೊ ಟೇಲ್‌ಪೀಸ್‌ನಲ್ಲಿ ತಂತಿಗಳು ಒಂದು ಉರುಳೆಗೆ ಸಿಕ್ಕಿಸಿಕೊಂಡಿರುತ್ತವೆ. ಉರುಳೆಗೆ ಒಂದು ಕೈ, ಅಂದರೆ ಹಿಡಿದು ಒತ್ತುವ ಲೋಹದ ಹಿಡಿಕೆ; ಆ ಕೈಯ ಕೆಳಗೆ ಒಂದು ಸ್ಪ್ರಿಂಗ್. ಕೈ ಒತ್ತಿದರೆ ಉರುಳೆ ಮುಂದಕ್ಕೆ ತಿರುಗಿ ತಂತಿಗಳು ಸಡಿಲವಾಗುತ್ತವೆ, ಸ್ವರ ಇಳಿಯುತ್ತದೆ. ಬಿಟ್ಟರೆ ಸ್ಪ್ರಿಂಗ್ ಮತ್ತೆ ಮೇಲಕ್ಕೆ ತಳ್ಳುತ್ತದೆ. ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಇದನ್ನು ಗಿಟಾರ್ ವಾದಕ ಮರ್ಲ್ ಟ್ರಾವಿಸ್‌ಗಾಗಿ ರೂಪಿಸಿದರು. ಟ್ರಾವಿಸ್ ಬಳಸುತ್ತಿದ್ದ ಹಳೆಯ ವೈಬ್ರಾಟೊ ಶ್ರುತಿ ನಿಲ್ಲಿಸುತ್ತಿರಲಿಲ್ಲ ಅನ್ನುವುದೇ ಅದಕ್ಕೆ ಕಾರಣ. ಇದು ಒಂದೆರಡು ಫ್ರೆಟ್‌ನಷ್ಟು ಸ್ವರ ಇಳಿಸಿ ಮೆಲ್ಲಗೆ ತೂಗಾಡಿಸುವ ಸಾಧನ. ತಂತಿ ಪೂರ್ತಿ ಸಡಿಲವಾಗುವವರೆಗೆ ಒತ್ತಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

ಯಾವ ಮಾದರಿ?

ತಪ್ಪು ಮಾದರಿ ತಂದರೆ ಮುಂದಿನ ಯಾವ ಹಂತವೂ ನಿಮ್ಮನ್ನು ಕಾಪಾಡುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಬಿಗ್ಸ್‌ಬಿಯ ಮಾದರಿಗಳಲ್ಲಿ ತೆಳು ಹಾಲೋಬಾಡಿಗೆ ಬಿ 3, ದಪ್ಪ ಹಾಲೋಬಾಡಿಗೆ ಬಿ 6. ಇವೆರಡರದ್ದೇ ಪರವಾನಗಿ ಪಡೆದು ತಯಾರಿಸಿದ, ಕಡಿಮೆ ಬೆಲೆಯ ರೂಪಗಳು ಬಿ 30 ಮತ್ತು ಬಿ 60. ಪಕ್ಕದ ಹಲಗೆಯ ಅಗಲ 45 ಮಿ.ಮೀ. ಆಸುಪಾಸಿನಲ್ಲಿದ್ದರೆ ತೆಳು ಅನ್ನಿ, 65-70 ಮಿ.ಮೀ. ದಾಟಿದರೆ ದಪ್ಪ. ಈ ಮಾದರಿಗಳ ಗುಣ ಒಂದೇ: ಗಿಟಾರಿನ ಬುಡಕ್ಕೆ ಒಂದು ಹಿಂಜ್ ತಟ್ಟೆ, ಅದಕ್ಕೆ ಕಡ್ಡಿ ಹಾಕಿ ಜೋಡಿಸಿದ ಚೌಕಟ್ಟು. ಬಾಗಿಲು ತಿರುಗಣಿಯ ಮೇಲೆ ಆಡುವ ಹಾಗೆ ಚೌಕಟ್ಟು ಆ ಕಡ್ಡಿಯ ಮೇಲೆ ಏಳುತ್ತದೆ, ಬೀಳುತ್ತದೆ. ಮೇಲ್ಹಲಗೆಗೆ ಒಂದೇ ಒಂದು ಸ್ಕ್ರೂ ಹೋಗುವುದಿಲ್ಲ.

ಬಿ 7 ಮತ್ತು ಬಿ 70 ಬೇರೆ. ಇವಕ್ಕೆ ತಂತಿಗಳನ್ನು ಕೆಳಕ್ಕೆ ಒತ್ತಿಹಿಡಿಯುವ ಇನ್ನೊಂದು ಅಡ್ಡ ಉರುಳೆ ಮುಂದೆ ಇರುತ್ತದೆ. ಚೌಕಟ್ಟಿನ ಮುಂಭಾಗವನ್ನು ಮೇಲ್ಹಲಗೆಗೇ ಸ್ಕ್ರೂ ಮಾಡಬೇಕು. ಕೆಳಗೆ ದಿಮ್ಮಿ ಇರುವ ಸೆಮಿ ಹಾಲೋ ಗಿಟಾರಿಗೆ ಅದು ಸರಿ. ಪೂರ್ತಿ ಟೊಳ್ಳು ಗಿಟಾರಿನ ಮೇಲ್ಹಲಗೆ ಕೆಲವೇ ಮಿ.ಮೀ. ದಪ್ಪ, ಕೆಳಗೆ ಬರೀ ಗಾಳಿ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಹಿಡಿದರೂ ತಂತಿಗಳ ಎಳೆತಕ್ಕೆ ಕಾಲಕ್ರಮದಲ್ಲಿ ಹಲಗೆ ಸೀಳುತ್ತದೆ. ‘ನೋಡೋಕೆ ಚೆನ್ನಾಗಿದೆ, ತಂತಿ ಗಟ್ಟಿಯಾಗಿ ಕೂರುತ್ತದೆ’ ಅಂತ ಯಾರಾದರೂ ಹಾಲೋಬಾಡಿಗೆ ಬಿ 7 ಸೂಚಿಸಿದರೆ ದಯವಿಟ್ಟು ಕೇಳಬೇಡಿ.

ನಿಮ್ಮದು ಟೊಳ್ಳೋ ದಿಮ್ಮಿ ಇರುವುದೋ ಗೊತ್ತಿಲ್ಲವಾ? ಎಫ್ ಆಕಾರದ ತೂತಿನೊಳಗೆ ಟಾರ್ಚ್ ಬಿಟ್ಟು ಆ ಕಡೆಯ ತೂತಿನತ್ತ ನೋಡಿ. ಬೆಳಕು ಆಚೆ ಹೋದರೆ ಟೊಳ್ಳು. ಮಧ್ಯದಲ್ಲಿ ಮರದ ಗೋಡೆ ಅಡ್ಡ ಬಂದರೆ ಸೆಮಿ ಹಾಲೋ.

ಎಡಗೈ ವಾದಕರು ಎಡಗೈ ಮಾದರಿಯನ್ನೇ ಕೇಳಿ ತರಿಸಿಕೊಳ್ಳಿ. ಕೈ ಮತ್ತು ಸ್ಪ್ರಿಂಗ್ ಒಂದೇ ಬದಿಗೆ ಇರುವುದರಿಂದ ಬಲಗೈಯದನ್ನು ಸುಮ್ನೆ ತಿರುಗಿಸಿ ಹಾಕಲು ಬರುವುದಿಲ್ಲ.

ಕೈ ಹಾಕುವ ಮುಂಚೆ ನೋಡಬೇಕಾದದ್ದು

ಗಿಟಾರ್ ಹಳೆಯದಾಗಿದ್ದು, ಒಂದು ಭಾಗವೂ ಬದಲಾಗದೆ ಉಳಿದಿದ್ದರೆ ತೂತು ಕೊರೆಯಬೇಡಿ. ಸಂಗ್ರಾಹಕರ ಕಣ್ಣಿಗೆ ಒಂದು ಹೊಸ ತೂತೂ ಬೆಲೆ ಇಳಿಸುತ್ತದೆ, ಅದನ್ನು ಮತ್ತೆ ಮುಚ್ಚಿ ಮರಳಿ ಪಡೆಯುವಂಥದ್ದಲ್ಲ.

ಟೇಲ್ ಬ್ಲಾಕ್ ಸುತ್ತ ಬಿರುಕು ಇದೆಯಾ ನೋಡಿ. ಫೋನಿನ ಕ್ಯಾಮೆರಾವನ್ನು ಎಫ್ ತೂತಿನ ಹತ್ತಿರ ಹಿಡಿದರೆ ಅಥವಾ ಸಣ್ಣ ಕನ್ನಡಿ ಒಳಗೆ ಬಿಟ್ಟರೆ ಕಾಣುತ್ತದೆ. ಬಿರುಕು ಅಥವಾ ಬಿಟ್ಟುಕೊಂಡ ಅಂಟು ಕಂಡರೆ ಗಿಟಾರ್ ರಿಪೇರಿಯವರ ಬಳಿ ಮೊದಲು ಅದನ್ನು ಸರಿ ಮಾಡಿಸಿ.

ಕೇಬಲ್ ಸಿಕ್ಕಿಸುವ ಜ್ಯಾಕ್ ಬುಡದ ಮಧ್ಯದಲ್ಲೇ ಇದ್ದರೆ ಹಿಂಜ್ ತಟ್ಟೆ ಅದಕ್ಕೆ ಅಡ್ಡ ಬರುತ್ತದೆ. ಇದನ್ನು ವೈಬ್ರಾಟೊ ತರಿಸುವ ಮುಂಚೆಯೇ ಗಮನಿಸಿ. ಹಾಗೆಯೇ ಗಿಟಾರಿನ ಪೆಟ್ಟಿಗೆಯ ಮುಚ್ಚಳ ನೋಡಿ. ವೈಬ್ರಾಟೊದ ಕೈ ಟ್ರಪೀಜ್‌ಗಿಂತ ತುಂಬಾ ಎತ್ತರ. ಮುಚ್ಚಳ ಅದನ್ನು ಒತ್ತುತ್ತಿದ್ದರೆ ಪೆಟ್ಟಿಗೆಯೊಳಗೆ ತಂತಿ, ಬ್ರಿಡ್ಜ್, ಮೇಲ್ಹಲಗೆ ಮೂರಕ್ಕೂ ಪೆಟ್ಟು.

ಬೇಕಾದ ಸಾಮಾನು

ಸ್ಟೀಲ್ ಸ್ಕೇಲ್, ಮಾಸ್ಕಿಂಗ್ ಟೇಪ್, ಪೆನ್ಸಿಲ್, ಗಟ್ಟಿ ನೂಲು, ಡ್ರಿಲ್ ಮತ್ತು ಸಣ್ಣ ಬಿಟ್‌ಗಳು, ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಮೇಣದ ಬತ್ತಿಯ ತುಂಡು, ಮರದ ಅಂಟು, ಗಟ್ಟಿಮರದ ಸಣ್ಣ ಕಡ್ಡಿ, ಮಲ್ಟಿಮೀಟರ್, ಮೂಗು ಇಕ್ಕಳ, ಕ್ಯಾಪೊ (ತಂತಿಗಳನ್ನು ಕುತ್ತಿಗೆಗೆ ಒತ್ತಿಹಿಡಿಯುವ ಕ್ಲಿಪ್), ಟ್ಯೂನರ್, ಮೆತ್ತನೆಯ ಬಟ್ಟೆ ಎರಡು, ಹೊಸ ತಂತಿ ಸೆಟ್ ಒಂದು. ಹಳೆಯ ತಂತಿಗಳನ್ನು ಎಸೆಯಬೇಡಿ. ಅಳತೆಗೆ ಅವೇ ಸಾಕು.

ಹಂತ 1: ಈಗಿರುವ ಸ್ಥಿತಿಯನ್ನು ಗುರುತು ಮಾಡಿಕೊಳ್ಳಿ

ಹೆಚ್ಚಿನ ಆರ್ಚ್‌ಟಾಪ್‌ಗಳಲ್ಲಿ ಬ್ರಿಡ್ಜ್ ಅಂಟಿಸಿರುವುದಿಲ್ಲ. ತಂತಿಗಳ ಒತ್ತಡ ಮಾತ್ರ ಅದನ್ನು ಹಿಡಿದಿರುತ್ತದೆ. ತಂತಿ ತೆಗೆದ ಕೂಡಲೇ ಅದು ಜಾರುತ್ತದೆ. ಹಾಗಾಗಿ ತಂತಿ ಇರುವಾಗಲೇ ಬ್ರಿಡ್ಜ್ ಬುಡದ ನಾಲ್ಕೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚನ್ನು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಂದೆರಡು ಫೋಟೋ ತೆಗೆದುಕೊಳ್ಳಿ. ಬ್ರಿಡ್ಜಿನ ಯಾವ ಬದಿ ಕುತ್ತಿಗೆಯತ್ತ ಇತ್ತು ಅನ್ನುವುದು ಫೋಟೋದಲ್ಲಿ ಕಾಣಬೇಕು.

12ನೇ ಫ್ರೆಟ್ ಮೇಲೆ ಮತ್ತು ಕುತ್ತಿಗೆಯ ಕೊನೆಯ ಫ್ರೆಟ್ ಮೇಲೆ ತಂತಿಗಳ ಎತ್ತರವನ್ನೂ ಬರೆದಿಟ್ಟುಕೊಳ್ಳಿ. ಕೊನೆಗೆ ಹೋಲಿಸಲು ಬೇಕಾಗುತ್ತದೆ.

ಹಂತ 2: ಟ್ರಪೀಜ್ ತೆಗೆಯಿರಿ, ಅರ್ಥಿಂಗ್ ವೈರ್ ಕಾಪಾಡಿ

ತಂತಿಗಳನ್ನೆಲ್ಲ ಸ್ವಲ್ಪ ಸ್ವಲ್ಪವಾಗಿ, ಎರಡೂ ಬದಿಯಿಂದ ಸಮನಾಗಿ ಸಡಿಲಿಸಿ. ಆಮೇಲೆ ತೆಗೆಯಿರಿ. ಮೇಲ್ಹಲಗೆ ಮೇಲೆ ಮಡಿಸಿದ ಬಟ್ಟೆ ಹಾಸಿ. ಟ್ರಪೀಜ್‌ನ ಸ್ಕ್ರೂಗಳನ್ನು ಬಿಚ್ಚಿ.

ತಟ್ಟೆಯನ್ನು ಒಮ್ಮೆಲೇ ಎಳೆಯಬೇಡಿ. ಎಲೆಕ್ಟ್ರಿಕ್ ಹಾಲೋಬಾಡಿಯಲ್ಲಿ ತಟ್ಟೆಯ ಹಿಂದೆ ಒಂದು ಸಣ್ಣ ತೂತಿನಿಂದ ತೆಳ್ಳನೆಯ ವೈರ್ ಹೊರಗೆ ಬಂದು ಲೋಹಕ್ಕೆ ತಾಗಿರುತ್ತದೆ. ಅದೇ ಅರ್ಥಿಂಗ್ ವೈರ್. ಅದರ ಇನ್ನೊಂದು ತುದಿ ಒಳಗೆ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ಬೆಸುಗೆಯಾಗಿರುತ್ತದೆ. ತಂತಿ ಮುಟ್ಟಿದಾಗ ಆಂಪ್ಲಿಫೈಯರಿನ ಗುಂಯ್‌ಗುಟ್ಟುವಿಕೆ ಕಡಿಮೆಯಾಗುವುದು ಇದರಿಂದಲೇ. ವೈರ್ ಒಳಗೆ ಜಾರಿಹೋದರೆ ಎಫ್ ತೂತಿನಿಂದ ಮೀನು ಹಿಡಿದಂತೆ ಹುಡುಕುವ ಪಾಡು. ತಟ್ಟೆ ಸಡಿಲವಾದ ಕೂಡಲೇ ವೈರಿನ ತುದಿಗೆ ಟೇಪ್ ಸುತ್ತಿ ಹೊರಗಡೆ ಅಂಟಿಸಿಬಿಡಿ.

ಹಂತ 3: ಮಧ್ಯರೇಖೆ ಹುಡುಕಿ

ಇಡೀ ಕೆಲಸದ ಬೆನ್ನೆಲುಬು ಇದು. ವೈಬ್ರಾಟೊ 2 ಮಿ.ಮೀ. ಪಕ್ಕಕ್ಕೆ ಹೋದರೂ ಒಂದು ಬದಿಯ ತಂತಿ ಕುತ್ತಿಗೆಯ ಅಂಚಿಗೆ ಬರುತ್ತದೆ. ನುಡಿಸುವಾಗ ಅದು ಫ್ರೆಟ್‌ನಿಂದ ಆಚೆ ಜಾರುತ್ತದೆ.

ಮಧ್ಯರೇಖೆಯನ್ನು ಎಲ್ಲಿಂದ ತೆಗೆಯಬೇಕು? ಬೆಲ್ಟಿನ ಗುಂಡಿಯನ್ನು ನಂಬಬೇಡಿ, ಕಾರ್ಖಾನೆಯಲ್ಲೇ ಅದು ಒಂದೆರಡು ಮಿ.ಮೀ. ಆಚೀಚೆ ಇರಬಹುದು. ಹಳೆಯ ಟ್ರಪೀಜ್‌ನ ತೂತುಗಳೂ ಅಷ್ಟೇ. ಮೇಲ್ಹಲಗೆಯ ಎರಡು ಹೋಳು ಸೇರುವ ಗೆರೆಯೂ ಕುತ್ತಿಗೆಯ ನೇರಕ್ಕೇ ಇರಬೇಕೆಂದಿಲ್ಲ. ನಂಬಬೇಕಾದದ್ದು ಕುತ್ತಿಗೆಯನ್ನು ಮಾತ್ರ.

ಬ್ರಿಡ್ಜನ್ನು ಗುರುತಿನ ಮೇಲೆ ಮತ್ತೆ ಕೂರಿಸಿ. ಎರಡು ನೂಲು ತೆಗೆದುಕೊಂಡು ನಟ್‌ನ ಮೊದಲ ಮತ್ತು ಆರನೇ ಗೀರಿನಿಂದ ಹೊರಡಿಸಿ, ಬ್ರಿಡ್ಜ್ ಮೇಲೆ ಹಾಯಿಸಿ, ಬುಡದವರೆಗೆ ಬಿಗಿಯಾಗಿ ಎಳೆದು ಟೇಪ್ ಹಾಕಿ. ಕುತ್ತಿಗೆಯ ಉದ್ದಕ್ಕೂ ಎರಡು ನೂಲೂ ಅಂಚಿನಿಂದ ಸಮ ದೂರದಲ್ಲಿ ಬರುವವರೆಗೆ ಸರಿಸಿ. ಈಗ ಬುಡದ ಅಂಚಿನಲ್ಲಿ ಎರಡು ನೂಲುಗಳ ನಡುವಿನ ಮಧ್ಯಬಿಂದುವನ್ನು ಮಾಸ್ಕಿಂಗ್ ಟೇಪ್ ಮೇಲೆ ಗುರುತಿಸಿ. ಅಲ್ಲಿಂದ ಕೆಳಕ್ಕೆ, ಪಕ್ಕದ ಹಲಗೆಯ ಮೇಲೂ ಒಂದು ನೇರ ಗೆರೆ ಎಳೆಯಿರಿ. ನಿಮ್ಮ ಗೆರೆ ಅದು.

ಹಂತ 4: ಖಾಲಿ ಜೋಡಣೆ

ಚೌಕಟ್ಟು ಮತ್ತು ಹಿಂಜ್ ತಟ್ಟೆಯನ್ನು ಜೋಡಿಸಿ ಸುಮ್ನೆ ಜಾಗದಲ್ಲಿಟ್ಟು ನೋಡಿ. ಇಲ್ಲಿ ಅವಸರ ಬೇಡ.

ತಟ್ಟೆಯ ಬಾಗು ಗಿಟಾರಿನ ಅಂಚಿಗೆ ಸರಿಯಾಗಿ ಕೂರುತ್ತದಾ? ಅಂಚಿನ ಪ್ಲಾಸ್ಟಿಕ್ ಪಟ್ಟಿಯನ್ನು ಲೋಹ ಕಚ್ಚಿಕೊಂಡಿದ್ದರೆ ಸ್ಕ್ರೂ ಬಿಗಿದಾಗ ಪಟ್ಟಿ ಒಡೆಯುತ್ತದೆ. ಅಂಥ ಕಡೆ ತೆಳ್ಳನೆಯ ಫೆಲ್ಟ್ ಬಟ್ಟೆ ಇಡಬಹುದು. ಆದರೆ ಫೆಲ್ಟ್ ಹಾಕಿದ ಕಡೆ ವಿದ್ಯುತ್ ಹರಿಯುವುದಿಲ್ಲ, ಅರ್ಥಿಂಗ್ ವೈರ್ ತಾಗುವ ಜಾಗದಲ್ಲಿ ಮಾತ್ರ ಅದನ್ನು ಕತ್ತರಿಸಿ ಬಿಡಿ.

ಕೈಯನ್ನು ಪೂರ್ತಿ ಸುತ್ತಿಸಿ ನೋಡಿ. ವಾಲ್ಯೂಮ್ ಗುಂಡಿಗಳಿಗೆ, ಪಿಕಪ್ ಸ್ವಿಚ್ಚಿಗೆ ತಾಗುತ್ತದಾ?

ಇನ್ನೊಂದು ವಿಷಯ ಹಲವರನ್ನು ಗಾಬರಿಪಡಿಸುತ್ತದೆ. ತಂತಿ ಇಲ್ಲದಾಗ ಚೌಕಟ್ಟು ದೊಪ್ಪನೆ ಮೇಲ್ಹಲಗೆ ಮೇಲೆ ಬೀಳುತ್ತದೆ, ಸ್ಪ್ರಿಂಗ್ ಕೂಡ ಕಳಚಿ ಉರುಳುತ್ತದೆ. ಎರಡೂ ಸಹಜ. ತಂತಿಗಳ ಎಳೆತ ಬಿದ್ದಾಗ ಚೌಕಟ್ಟು ತಾನಾಗಿ ಮೇಲೆದ್ದು, ಹಿಂಜ್‌ನ ಕಡ್ಡಿ ಮತ್ತು ಬ್ರಿಡ್ಜ್ ನಡುವಿನ ಗೆರೆಗೆ ಬಂದು ನಿಲ್ಲುತ್ತದೆ. ಕೈ ಒತ್ತುವಾಗಲೂ ಚೌಕಟ್ಟು ಹಲಗೆಗೆ ತಾಗಬಾರದು. ಅದಕ್ಕೇ ಬಟ್ಟೆ ಯಾವಾಗಲೂ ಕೆಳಗೆ ಇರಲಿ ಅಂತ ಹೇಳಿದ್ದು. ಸ್ಪ್ರಿಂಗ್ ಜೊತೆಗೆ ಬರುವ ವಾಷರ್ ಕಳೆದುಕೊಳ್ಳಬೇಡಿ.

ಹಂತ 5: ಹಳೆಯ ತೂತುಗಳ ವಿಲೇವಾರಿ

ಹೊಸ ತಟ್ಟೆಯ ತೂತುಗಳು ಹಳೆಯವುಗಳ ಮೇಲೆ ಸರಿಯಾಗಿ ಕೂತರೆ ಅದೃಷ್ಟ. ಪೂರ್ತಿ ಬೇರೆ ಕಡೆ ಬಂದರೂ ತೊಂದರೆ ಇಲ್ಲ. ಕಷ್ಟ ಇರುವುದು ಅರ್ಧಂಬರ್ಧ ಸೇರಿದಾಗ. ಡ್ರಿಲ್ ಬಿಟ್ ಹಳೆಯ ತೂತಿನ ಕಡೆಗೆ ಜಾರಿಕೊಂಡು ಹೋಗುತ್ತದೆ, ನಿಮ್ಮ ಮಧ್ಯರೇಖೆ ಅಲ್ಲಿಗೆ ಕೆಟ್ಟಿತು.

ಅಂಥ ತೂತನ್ನು ಗಟ್ಟಿಮರದ ಕಡ್ಡಿ ಮತ್ತು ಮರದ ಅಂಟಿನಿಂದ ಮುಚ್ಚಿ. ಕಡ್ಡಿ ಬಿಗಿಯಾಗಿ ಕೂರಬೇಕು. ಒಂದು ದಿನ ಒಣಗಲು ಬಿಡಿ. ಆಮೇಲೆ ಮೇಲ್ಮೈಗೆ ಸಮವಾಗಿ ಕತ್ತರಿಸಿ ಕೊರೆಯಿರಿ. ಬೆಂಕಿಕಡ್ಡಿ ತುರುಕಿ ಸ್ಕ್ರೂ ಹಾಕುವುದನ್ನು ತುಂಬಾ ಜನ ಮಾಡುತ್ತಾರೆ. ಬೆಲ್ಟಿನ ಗುಂಡಿಗೆ ಅದು ನಡೆಯಬಹುದು. ಆರೂ ತಂತಿಗಳ ಎಳೆತ ಹೊರುವ ಸ್ಕ್ರೂಗೆ ನಡೆಯುವುದಿಲ್ಲ.

ಹಂತ 6: ಮೊದಲು ಒಂದೇ ಸ್ಕ್ರೂ

ಎಲ್ಲ ತೂತುಗಳನ್ನೂ ಒಮ್ಮೆಗೇ ಗುರುತಿಸಿ ಕೊರೆಯುವುದು ಸಾಮಾನ್ಯ ತಪ್ಪು. ಮಧ್ಯದ ಗೆರೆಯ ಮೇಲೆ ಬರುವ ಒಂದು ತೂತನ್ನು ಮಾತ್ರ ಕೊರೆಯಿರಿ.

ಬಿಟ್ ಎಷ್ಟು ದಪ್ಪ ಇರಬೇಕು? ಬಿಟ್ ಅನ್ನು ಸ್ಕ್ರೂ ಮುಂದೆ ಹಿಡಿದು ನೋಡಿ. ಸ್ಕ್ರೂವಿನ ಸುರುಳಿಯ ಅಂಚು ಎರಡೂ ಬದಿಗೆ ಕಾಣಬೇಕು, ನಡುವಿನ ದಂಡ ಕಾಣಬಾರದು. ಅದೇ ಸರಿಯಾದ ಅಳತೆ. ಸ್ಕ್ರೂವಿನ ಉದ್ದಕ್ಕೆ ತಕ್ಕಂತೆ ಬಿಟ್ ಮೇಲೆ ಟೇಪ್ ಸುತ್ತಿ, ಟೇಪ್ ಮುಟ್ಟಿದ ಕೂಡಲೇ ನಿಲ್ಲಿಸಿ.

ಪಾಲಿಷ್ ಚಕ್ಕೆ ಏಳದಿರಲು ಒಂದು ಉಪಾಯ ಇದೆ. ಕೊರೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿ, ಮೊದಲ ಕೆಲವು ಸುತ್ತು ಡ್ರಿಲ್ಲನ್ನು ಉಲ್ಟಾ ತಿರುಗಿಸಿ. ಬಿಟ್ ಪಾಲಿಷನ್ನು ಕಚ್ಚಿ ಕೀಳುವ ಬದಲು ಮೆಲ್ಲಗೆ ಉಜ್ಜಿ ಸಣ್ಣ ಗುಳಿ ಮಾಡುತ್ತದೆ. ಮರ ಕಂಡ ಮೇಲೆ ಸರಿಯಾದ ದಿಕ್ಕಿಗೆ ತಿರುಗಿಸಿ ಕೊರೆಯಿರಿ.

ಸ್ಕ್ರೂವನ್ನು ಮೇಣದ ಬತ್ತಿಗೆ ಉಜ್ಜಿ ಹಾಕಿ. ಗಟ್ಟಿಮರದಲ್ಲಿ ಒಣ ಸ್ಕ್ರೂ ತಲೆ ಮುರಿದುಕೊಂಡು ಒಳಗೇ ಉಳಿದರೆ ತೆಗೆಯುವುದು ದೊಡ್ಡ ತಲೆನೋವು. ಸೋಪು ಬೇಡ, ಅದು ತೇವ ಹೀರಿ ಸ್ಕ್ರೂಗೆ ತುಕ್ಕು ಹಿಡಿಸುತ್ತದೆ.

ಒಂದು ಸ್ಕ್ರೂ ಮೇಲೆ ತಟ್ಟೆ ನಿಂತಿತಲ್ಲ, ಈಗ ಹಳೆಯ ತಂತಿಗಳಲ್ಲಿ ಮೊದಲನೆಯದು ಮತ್ತು ಆರನೆಯದನ್ನು ಮಾತ್ರ ಹಾಕಿ, ನೆಟ್ಟಗಾಗುವಷ್ಟು ಬಿಗಿ ಮಾಡಿ. ಪೂರ್ತಿ ಶ್ರುತಿಗೆ ಏರಿಸಬೇಡಿ. ತಟ್ಟೆಯನ್ನು ಆ ಸ್ಕ್ರೂ ಸುತ್ತ ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ತಿರುಗಿಸುತ್ತಾ ಕುತ್ತಿಗೆಯ ಮೇಲಿನ ತಂತಿಗಳನ್ನು ನೋಡಿ. ಎರಡೂ ಅಂಚಿನಿಂದ ಸಮ ದೂರ ಬಂದಾಗ ಉಳಿದ ತೂತುಗಳನ್ನು ಪೆನ್ಸಿಲಿನಿಂದ ಗುರುತಿಸಿ. ಆಮೇಲೆ ತಂತಿ ಸಡಿಲಿಸಿ ಅವನ್ನು ಕೊರೆಯಿರಿ.

ಹಂತ 7: ಅರ್ಥಿಂಗ್ ಜೋಡಿಸಿ, ತಟ್ಟೆ ಬಿಗಿಯಿರಿ

ವೈರಿನ ತುದಿಯ ಹೊದಿಕೆಯನ್ನು 1 ಸೆಂ.ಮೀ.ನಷ್ಟು ಸುಲಿದು, ಎಳೆಗಳನ್ನು ಬೀಸಣಿಗೆಯಂತೆ ಹರಡಿ ತಟ್ಟೆಯ ಹಿಂಬದಿಗೆ ಒತ್ತಿಹಿಡಿಯುವಂತೆ ಇಡಿ. ಎಳೆಗಳು ತಟ್ಟೆಯಿಂದ ಹೊರಗೆ ಇಣುಕಬಾರದು. ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಜ್ಯಾಕಿನ ಹೊರ ಲೋಹಕ್ಕೆ, ಇನ್ನೊಂದನ್ನು ತಂತಿ ಕೂರುವ ಉರುಳೆಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಬರಬೇಕು. ತಟ್ಟೆಗೆ ಸೊನ್ನೆ ಬಂದು ಉರುಳೆಗೆ ಬರದಿದ್ದರೆ ಹಿಂಜ್ ಕಡ್ಡಿಯ ಬಳಿ ಬಣ್ಣ ಅಥವಾ ಜಿಡ್ಡು ಅಡ್ಡ ಇದೆ ಎಂದರ್ಥ, ಒರೆಸಿ ಮತ್ತೆ ನೋಡಿ. ಪಿಕಪ್ ಇಲ್ಲದ ಬರೀ ಅಕೌಸ್ಟಿಕ್ ಆರ್ಚ್‌ಟಾಪ್ ಆಗಿದ್ದರೆ ಈ ಹಂತದ ವೈರ್ ಕೆಲಸ ಬಿಟ್ಟುಬಿಡಿ.

ಹಂತ 8: ತಂತಿ ಹಾಕುವುದು

ಬಿಗ್ಸ್‌ಬಿಯನ್ನು ಜನ ಬೈಯುವುದು ಇಲ್ಲೇ. ಉರುಳೆಗೆ ಆರು ಸಣ್ಣ ಮೊಳೆಗಳಿರುತ್ತವೆ. ತಂತಿಯ ತುದಿಯ ಗುಂಡನ್ನು ಮೊಳೆಗೆ ಸಿಕ್ಕಿಸಬೇಕು. ತಂತಿ ಉರುಳೆಯ ಅಡಿಯಿಂದ ಹಿಂದಕ್ಕೆ ಹೋಗಿ, ಸುತ್ತಿಕೊಂಡು, ಮೇಲಿನಿಂದ ಬ್ರಿಡ್ಜಿನತ್ತ ಬರಬೇಕು. ನೀವು ತಂತಿಯ ಆ ತುದಿಯನ್ನು ಸುತ್ತುವಷ್ಟರಲ್ಲಿ ಈ ತುದಿಯ ಗುಂಡು ಮೊಳೆಯಿಂದ ಜಾರಿ ಬೀಳುತ್ತದೆ.

ಪರಿಹಾರ ಸುಲಭ. ಹಾಕುವ ಮುಂಚೆಯೇ ತಂತಿಯ ಗುಂಡಿರುವ ತುದಿಯನ್ನು ಉರುಳೆಯಷ್ಟೇ ದಪ್ಪದ ಪೆನ್ನಿಗೋ ಕಡ್ಡಿಗೋ ಸುತ್ತಿ ಕೊಕ್ಕೆಯಂತೆ ಬಾಗಿಸಿ. ಗುಂಡಿನ ಹತ್ತಿರದ ಗಟ್ಟಿ ಸುತ್ತನ್ನು ಇಕ್ಕಳದಿಂದ ಮೆಲ್ಲಗೆ ಬಗ್ಗಿಸಿ. ಮೊಳೆಗೆ ಸಿಕ್ಕಿಸಿದ ಮೇಲೆ ಉರುಳೆ ಮತ್ತು ಮೇಲ್ಹಲಗೆ ನಡುವೆ ಸ್ಪಂಜಿನ ತುಂಡು ತುರುಕಿ, ಅದು ಗುಂಡನ್ನು ಒತ್ತಿಹಿಡಿಯುತ್ತದೆ. ತಂತಿಯನ್ನು ಬಿಗಿಯಾಗಿ ಎಳೆದು ಮೊದಲ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ. ಈಗ ಎರಡೂ ಕೈ ಖಾಲಿ, ಆರಾಮವಾಗಿ ಶ್ರುತಿಯ ಕೀಲಿಗೆ ಸುತ್ತಿ.

ಕೀಲಿಯ ಕಂಬಕ್ಕೆ ದಪ್ಪ ತಂತಿ ಎರಡು ಮೂರು ಸುತ್ತು, ತೆಳು ತಂತಿ ಮೂರು ನಾಲ್ಕು ಸುತ್ತು ಸಾಕು. ಒಂದರ ಮೇಲೊಂದು ಏರದೆ ಕೆಳಮುಖವಾಗಿ ಸಾಲಾಗಿ ಕೂರಬೇಕು. ಸುತ್ತು ಜಾಸ್ತಿಯಾದಷ್ಟೂ ಕೈ ಒತ್ತಿದಾಗ ಸಡಿಲ ಜಾಸ್ತಿ.

ಆರನೆಯ ಮತ್ತು ಮೊದಲನೆಯ ತಂತಿ ಮೊದಲು ಹಾಕಿ, ಚೌಕಟ್ಟು ಎದ್ದು ನಿಂತ ಮೇಲೆ ಸ್ಪ್ರಿಂಗ್ ಮತ್ತು ವಾಷರ್ ಕೂರಿಸಿ. ಬ್ರಿಡ್ಜ್ ಗುರುತಿನ ಮೇಲೇ ಇದೆಯಾ ಅಂತ ಪ್ರತಿ ತಂತಿಗೂ ಒಮ್ಮೆ ನೋಡಿ. ತೀರಾ ದಪ್ಪ ಸೆಟ್ ಬಾಗಿಸುವುದೂ ಕಷ್ಟ, ಕೈಯೂ ಗಟ್ಟಿಯಾಗುತ್ತದೆ. 0.010 ಅಥವಾ 0.011 ಇಂಚು ದಪ್ಪದ ತಂತಿಯಿಂದ ಶುರುವಾಗುವ ಸೆಟ್ ಹೆಚ್ಚಿನವರಿಗೆ ಹಿತ.

ಹಂತ 9: ಬ್ರಿಡ್ಜ್

ತಂತಿ ಬ್ರಿಡ್ಜ್ ದಾಟಿ ಕೆಳಗಿಳಿಯುವ ಕೋನ ಈಗ ಬದಲಾಗಿರುತ್ತದೆ. ಕೋನ ತೀರಾ ಕಡಿಮೆಯಾದರೆ ಜೋರಾಗಿ ಮೀಟಿದಾಗ ತಂತಿ ಸ್ಯಾಡಲಿನ ಗೀರಿನಿಂದ ಹಾರುತ್ತದೆ ಅಥವಾ ಝರ್ ಎನ್ನುತ್ತದೆ. ತೀರಾ ಜಾಸ್ತಿಯಾದರೆ ತಂತಿ ಸ್ಯಾಡಲಿಗೆ ಕಚ್ಚಿಕೊಂಡು ವೈಬ್ರಾಟೊಗೆ ಸರಾಗವಾಗಿ ಜಾರುವುದಿಲ್ಲ. ಹಾರದಷ್ಟು ಕೋನ ಇದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ಕೈ ಒತ್ತಿ ಬಿಟ್ಟಾಗ ತಂತಿಗಳು ಬ್ರಿಡ್ಜನ್ನೂ ಜೊತೆಗೆ ಎಳೆಯುತ್ತವೆ. ಒಂದು ವಾರದಲ್ಲಿ ಬ್ರಿಡ್ಜ್ ಕುತ್ತಿಗೆಯ ಕಡೆಗೆ ವಾಲಿ ನಿಂತಿರುವುದನ್ನು ನೋಡುತ್ತೀರಿ. ಮೊದಲು ಬ್ರಿಡ್ಜಿನ ಮರದ ಬುಡ ಉಬ್ಬಿದ ಹಲಗೆಗೆ ಪೂರ್ತಿ ತಾಗಿದೆಯಾ ಪರೀಕ್ಷಿಸಿ. ಕಾಗದದ ತುಂಡು ಎಲ್ಲಾದರೂ ಒಳಗೆ ನುಗ್ಗಿದರೆ ಅಲ್ಲಿ ಸಂದು ಇದೆ. ಹಲಗೆಯ ಮೇಲೆ ಮರಳು ಕಾಗದವನ್ನು ಒರಟು ಬದಿ ಮೇಲಾಗಿ ಅಂಟಿಸಿ, ಬುಡವನ್ನು ಅದರ ಮೇಲೆ ಉಜ್ಜಿದರೆ ಹಲಗೆಯ ಉಬ್ಬಿನ ಆಕಾರವೇ ಬುಡಕ್ಕೆ ಬರುತ್ತದೆ. ಆಮೇಲೂ ಜಾರಿದರೆ ತೆಳುವಾದ ಎರಡು ಬದಿಯ ಟೇಪ್ ಸಾಕಾಗುತ್ತದೆ. ಬುಡಕ್ಕೆ ಸಣ್ಣ ಪಿನ್ ಹೊಡೆದು ನಿಲ್ಲಿಸುವ ಪದ್ಧತಿಯೂ ಇದೆ. ಅದನ್ನು ಶ್ರುತಿ ಪೂರ್ತಿ ಹೊಂದಿಸಿದ ಮೇಲೆ, ಅನುಭವಿಗಳ ಕೈಯಲ್ಲೇ ಮಾಡಿಸಿ.

ತಂತಿಯ ಕೆಳಗೆ ಉರುಳುವ ಚಕ್ರಗಳಿರುವ ರೋಲರ್ ಬ್ರಿಡ್ಜ್ ಹಾಕಬೇಕಾ ಅಂತ ಕೇಳುತ್ತಾರೆ. ಚಕ್ರಗಳು ನಿಜವಾಗಿ ಉರುಳಿದರೆ ಉಪಯೋಗ ಇದೆ. ಅಗ್ಗದವುಗಳಲ್ಲಿ ಚಕ್ರ ಉರುಳುವುದಿಲ್ಲ, ಬದಲಿಗೆ ಗಲಗಲ ಸದ್ದು ಸೇರಿಕೊಳ್ಳುತ್ತದೆ. ಈಗಿರುವ ಬ್ರಿಡ್ಜಿನ ಗೀರುಗಳನ್ನು ನುಣುಪು ಮಾಡಿ ನೋಡಿ, ಸಾಲದಿದ್ದರೆ ಮಾತ್ರ ಬದಲಿಸಿ.

ಸ್ವರಸ್ಥಾನ ಹೊಂದಿಸಲು 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅದೇ ಫ್ರೆಟ್ ಒತ್ತಿದ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಹಾರ್ಮೋನಿಕ್ ಅಂದರೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿ ಮೀಟಿದಾಗ ಬರುವ ಘಂಟೆಯಂಥ ನಾದ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಅಂದರೆ ಗಿಟಾರಿನ ಬುಡದತ್ತ ಸರಿಸಿ, ಇಳಿದಿದ್ದರೆ ಮುಂದಕ್ಕೆ.

ಹಂತ 10: ಶ್ರುತಿ ಎಲ್ಲಿ ತಪ್ಪುತ್ತಿದೆ ಎಂದು ಪತ್ತೆ ಮಾಡುವುದು

ಹೊಸ ತಂತಿಗಳನ್ನು ಕೈಯಿಂದ ಮೆಲ್ಲಗೆ ಎಳೆದು ಎಳೆದು, ಶ್ರುತಿ ನಿಲ್ಲುವವರೆಗೆ ಹದ ಮಾಡಿ. ಇದನ್ನು ಮಾಡದೆ ಮುಂದಿನ ಪರೀಕ್ಷೆಗೆ ಅರ್ಥವಿಲ್ಲ. ಆಮೇಲೆ ಒಂದು ತಂತಿಯನ್ನು ಸರಿಯಾಗಿ ಶ್ರುತಿ ಮಾಡಿ, ಕೈಯನ್ನು ಒಮ್ಮೆ ಒತ್ತಿ ಬಿಡಿ, ಟ್ಯೂನರ್ ನೋಡಿ.

ಶ್ರುತಿ ಏರಿತಾ? ತೊಂದರೆ ನಟ್‌ನಲ್ಲಿದೆ. ಕೈ ಒತ್ತಿದಾಗ ತಂತಿ ಸಡಿಲವಾಗಿ, ಸ್ವಲ್ಪ ತಂತಿ ನಟ್ ದಾಟಿ ಕೀಲಿಯ ಕಡೆಗೆ ಜಾರಿತು. ಬಿಟ್ಟಾಗ ಅದು ವಾಪಸ್ ಬರಬೇಕಿತ್ತು. ಗೀರು ಬಿಗಿಯಾಗಿದ್ದರಿಂದ ಅಲ್ಲೇ ಸಿಕ್ಕಿಕೊಂಡಿತು. ಕೀಲಿ ತಿರುಗಿಸುವಾಗ ಟಿಂಗ್ ಎಂಬ ಸಣ್ಣ ಸದ್ದು ಕೇಳಿದರೆ ಅದೂ ಇದರದ್ದೇ ಸಾಕ್ಷಿ.

ಶ್ರುತಿ ಇಳಿಯಿತಾ? ಬ್ರಿಡ್ಜ್ ಕಡೆ ನೋಡಿ. ಸ್ಯಾಡಲ್ ದಾಟಿ ಮುಂದೆ ಬಂದ ತಂತಿ ಹಿಂದಕ್ಕೆ ಹೋಗಿಲ್ಲ, ಅಥವಾ ಬ್ರಿಡ್ಜೇ ಸರಿದಿದೆ. ಕೀಲಿಯ ಸುತ್ತು ಸಡಿಲವಿದ್ದರೂ, ತಂತಿ ಇನ್ನೂ ಹದಕ್ಕೆ ಬಂದಿಲ್ಲದಿದ್ದರೂ ಹೀಗಾಗುತ್ತದೆ.

ಎಷ್ಟೋ ಜನ ಈ ಪರೀಕ್ಷೆ ಮಾಡದೆಯೇ ವೈಬ್ರಾಟೊವನ್ನೇ ದೂರಿ ಬಿಚ್ಚಿಹಾಕುತ್ತಾರೆ. ನಿಜವಾದ ಕಾರಣ ಬಹುತೇಕ ನಟ್‌ನಲ್ಲೇ ಇರುತ್ತದೆ. ಗೀರಿನೊಳಗೆ ಮೆತ್ತನೆಯ 2ಬಿ ಪೆನ್ಸಿಲಿನ ಪುಡಿ ಹಾಕಿ ನೋಡಿ. ಅದರಿಂದ ಸುಧಾರಿಸಿದರೆ ರೋಗ ಗೊತ್ತಾಯಿತು. ಶಾಶ್ವತ ಪರಿಹಾರಕ್ಕೆ ಗೀರನ್ನು ತಂತಿಗಿಂತ ಕೂದಲೆಳೆಯಷ್ಟು ಅಗಲ ಮಾಡಬೇಕು, ಒಳಗೆ ನುಣುಪಾಗಿರಬೇಕು, ಕೀಲಿಯ ಕಡೆಗೆ ಸ್ವಲ್ಪ ಇಳಿಜಾರಿರಬೇಕು. ಅದಕ್ಕೆ ನಟ್ ಅರಗಳೇ ಬೇಕು. ಅಗಲ ಮಾಡಿ, ಆಳ ಮಾಡಬೇಡಿ. ಆಳವಾದರೆ ಬೆರಳಿಂದ ಒತ್ತದೆ ಬಿಟ್ಟ ತಂತಿ ಮೊದಲ ಫ್ರೆಟ್‌ಗೆ ಬಡಿದು ಝರ್ ಎನ್ನುತ್ತದೆ, ನಟ್ ಬದಲಿಸುವುದೇ ದಾರಿ. ಕೈ ನಡುಗುವವರು ಈ ಒಂದು ಕೆಲಸವನ್ನು ಗಿಟಾರ್ ರಿಪೇರಿಯವರಿಗೆ ಕೊಡುವುದು ಲೇಸು.

ಕೈಯ ಎತ್ತರ, ಮತ್ತು ಮೊದಲ ಕೆಲವು ವಾರ

ಈ ವೈಬ್ರಾಟೊದಲ್ಲಿ ಬಿಗಿ ಹೊಂದಿಸುವ ಸ್ಕ್ರೂ ಇಲ್ಲ. ಕೈ ತೀರಾ ಎತ್ತರ ಅನ್ನಿಸಿದರೆ ಗಿಡ್ಡ ಸ್ಪ್ರಿಂಗ್, ತಗ್ಗು ಅನ್ನಿಸಿದರೆ ಉದ್ದ ಸ್ಪ್ರಿಂಗ್ ಹಾಕಬೇಕು. ಸಾಮಾನ್ಯವಾಗಿ 7/8 ಇಂಚಿನದ್ದು ಬರುತ್ತದೆ, 13/16 ಮತ್ತು 1 ಇಂಚಿನವೂ ಸಿಗುತ್ತವೆ. ತಂತಿ ಸೆಟ್ ದಪ್ಪ ಬದಲಿಸಿದರೆ ಕೈಯ ಎತ್ತರವೂ ಬದಲಾಗುತ್ತದೆ, ಹಾಗಾಗಿ ಸ್ಪ್ರಿಂಗ್ ಕೊಳ್ಳುವ ಮುಂಚೆ ಯಾವ ಸೆಟ್ ಬಳಸುತ್ತೀರಿ ಎಂದು ನಿರ್ಧರಿಸಿ. ಕೈ ಸಡಿಲವಾಗಿ ತಾನೇ ತೂಗಾಡಿದರೆ ಅದರ ಬುಡದ ಬೋಲ್ಟನ್ನು ಕಾಲು ಸುತ್ತು ಬಿಗಿಯಿರಿ.

ಒಂದು ವಾರದ ಬಳಿಕ ಹಿಂಜ್ ತಟ್ಟೆಯ ಸ್ಕ್ರೂಗಳನ್ನು ಮತ್ತೆ ನೋಡಿ. ಮರ ಹೊಸ ಒತ್ತಡಕ್ಕೆ ಹೊಂದಿಕೊಳ್ಳುವಾಗ ಒಂದಿಷ್ಟು ಸಡಿಲವಾಗಬಹುದು. ಬಿಗಿಯುವುದಿದ್ದರೆ ಮೊದಲು ತಂತಿ ಸಡಿಲಿಸಿ, ಆಮೇಲೆ ಮೆಲ್ಲಗೆ ಬಿಗಿಯಿರಿ. ತಟ್ಟೆಯ ಮೇಲಂಚು ಹಲಗೆಯಿಂದ ಬಿಟ್ಟುಕೊಂಡಿದ್ದರೆ, ಅಥವಾ ಸ್ಕ್ರೂ ಎಷ್ಟು ತಿರುಗಿಸಿದರೂ ಹಿಡಿಯದಿದ್ದರೆ, ತಂತಿಗಳನ್ನು ಆಗಲೇ ಇಳಿಸಿ ಹಂತ 5ರಂತೆ ತೂತು ಮುಚ್ಚಿ ಹೊಸದಾಗಿ ಕೊರೆಯಿರಿ. ಹಿಡಿಯದ ಸ್ಕ್ರೂ ಮೇಲೆ ಪೂರ್ತಿ ಶ್ರುತಿಯ ತಂತಿ ಬಿಟ್ಟು ಗಿಟಾರನ್ನು ಪೆಟ್ಟಿಗೆಯಲ್ಲಿಡಬೇಡಿ.